ಕೊನೆಯ ರೀಲು ಮೊದಲು

ನಮ್ಮ ಚಿಕ್ಕಮ್ಮ ಬಾಗಿಲಿಗೆ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುತ್ತಾಳೆ. ಜನ ಕೇಳಿದ ಸಿನಿಮಾವನ್ನು ಮನೆಮನೆಯ ಟಿವಿಗೆ ಕಳಿಸುವ ಕಂಪನಿಯಲ್ಲಿ ಸರ್ವರ್ ವಿನ್ಯಾಸ ಮಾಡುವುದು ಅವಳ ಕೆಲಸ. ಅಲ್ಲಿಯೂ ಯಾರನ್ನೂ ನಂಬುವುದಿಲ್ಲ.

ಹೆಚ್ಚಿನ ಜನ ಹತ್ತು ನಿಮಿಷ ನೋಡಿ ಎದ್ದುಹೋಗುತ್ತಾರೆ ಎಂದು ಅವಳು ಲೆಕ್ಕ ಹಾಕಿದ್ದಳು. ಹಾಗಾಗಿ ಪ್ರತಿ ಸಿನಿಮಾದ ಮೊದಲ ಹತ್ತು ನಿಮಿಷ ಮಾತ್ರ ವೇಗದ ಮೆಮೊರಿಯಲ್ಲಿ, ಉಳಿದದ್ದು ನಿಧಾನದ ಡಿಸ್ಕಿನಲ್ಲಿ. ಆರಂಭ ಓಡುವಷ್ಟರಲ್ಲಿ ಮುಂದಿನದನ್ನು ಡಿಸ್ಕಿನಿಂದ ತಂದುಕೊಂಡರಾಯಿತು. ಅರ್ಧದಷ್ಟು ಯಂತ್ರ ಸಾಕು. ನೌಕರರ ಮನೆಗಳಲ್ಲೇ ಪರೀಕ್ಷೆ ಶುರುವಾಯಿತು. ವಾರದ ಕೊನೆಗೆ, ಶುಕ್ರವಾರದ ದಿನ ಚಿತ್ರ ನಡುವೆ ನಿಂತರೆ ಈ ವಿನ್ಯಾಸ ಬೇಡ ಎಂದರು ಮ್ಯಾನೇಜರ್. ಅದು ಅವಳ ಎರಡು ವರ್ಷದ ಕೆಲಸ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಚಿತ್ರ ಆರು ಸಲ ನಿಂತಿತು. ಮಂಗಳವಾರವೂ ಹನ್ನೊಂದಕ್ಕೇ. ದಾಖಲೆ ನೋಡಿದರೆ, ಯಾರೋ ಒಂದೊಂದೇ ಸಿನಿಮಾ ತೆರೆದು ನೇರ ಕೊನೆಗೆ ಹಾರುತ್ತಿದ್ದರು. ಎರಡು ನಿಮಿಷ ನೋಡಿ ಇನ್ನೊಂದರ ಕೊನೆಗೆ. ಕೊನೆ ನಿಧಾನದ ಡಿಸ್ಕಿನಿಂದ ಬರುವಷ್ಟರಲ್ಲಿ ಚಿತ್ರ ನಿಲ್ಲುತ್ತಿತ್ತು. ಯಾರ ಮನೆ ಎಂಬ ಪಟ್ಟಿ ಮ್ಯಾನೇಜರ್ ಬಳಿ ಮಾತ್ರ ಇತ್ತು.

ಚಿಕ್ಕಮ್ಮನ ಕಣ್ಣು ಎದುರು ಮೇಜಿನವನ ಮೇಲೆ ಬಿತ್ತು. ಸದ್ದಿಲ್ಲದೆ ನಡೆಯುವ ಅವನಿಗೆ ಅವಳಿಟ್ಟ ಹೆಸರು ಬೆಕ್ಕು. ಅವನ ವಿನ್ಯಾಸವನ್ನು ಬದಿಗಿಟ್ಟು ಇವಳದನ್ನು ಆರಿಸಿದ್ದರು. ಮನೆಯ ಟಿವಿಯನ್ನು ಫೋನಿನಿಂದಲೂ ಓಡಿಸಬಹುದಿತ್ತು.

"ಹನ್ನೊಂದಕ್ಕೆ ಸರಿಯಾಗಿ ಫೋನ್ ಹಿಡ್ಕೊಂಡು ಎಲ್ಲಿಗೆ ಹೋಗ್ತೀರಿ?"

"ಟೀ ಕುಡಿಯೋಕೆ ಮೇಡಂ. ಅದಕ್ಕೂ ನಿಮ್ಮ ಸರ್ವರ್‌ನ ಕೇಳ್ಬೇಕಾ?"

"ಫೋನ್‌ನ ಟೀಗೆ ಅದ್ದಿಕೊಂಡು ತಿಂತೀರಾ?"

ಬುಧವಾರ ಅವನ ಮೇಲೆ ದೂರು ಬರೆದುಕೊಟ್ಟಳು. ಮ್ಯಾನೇಜರ್ ಪಟ್ಟಿ ತೆಗೆದು ಕನ್ನಡಕ ಏರಿಸಿದರು. "ಇದು ನಿಮ್ಮ ಮನೇದೇ ಅಲ್ವೇನಮ್ಮಾ?"

ಚಿಕ್ಕಮ್ಮ ರಜೆ ಹಾಕಿ ಮನೆಗೆ ಬಂದಳು. ಮೂವತ್ತು ವರ್ಷ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸಿದ ತಾತ ರಿಮೋಟ್ ಹಿಡಿದು ಕೂತಿದ್ದರು.

"ಅಪ್ಪಾ, ಏನ್ ಮಾಡ್ತಿದೀಯ?"

"ಪರೀಕ್ಷೆ ಅಂದ್ಯಲ್ಲ, ಅದನ್ನೇ ಮಾಡ್ತಿದೀನಿ ಕಣೇ. ಕೊನೇ ರೀಲು ಮೊದಲು ನೋಡ್ಬೇಕು. ಮೊದಲನೇದು ಕೆಟ್ರೆ ಜನ ಬೈತಾರೆ, ಕೊನೇದು ಕೆಟ್ರೆ ಕುರ್ಚಿ ಮುರೀತಾರೆ. ನಿಂದ್ರಲ್ಲಿ ಎಲ್ಲಾ ಸಿನಿಮಾದ್ದೂ ಕೊನೇದೇ ಕೆಟ್ಟಿದೆ."

ಚಿಕ್ಕಮ್ಮ ರಿಮೋಟ್ ಕಿತ್ತುಕೊಳ್ಳಲಿಲ್ಲ. ಮಾರನೆಯ ದಿನ ಪ್ರತಿ ಸಿನಿಮಾದ ಕೊನೆಯ ಐದು ನಿಮಿಷವನ್ನೂ ವೇಗದ ಮೆಮೊರಿಗೆ ಸೇರಿಸಿದಳು. ಶುಕ್ರವಾರ ತಾತ ಹನ್ನೆರಡು ಸಿನಿಮಾಗಳ ಕೊನೆ ನೋಡಿದರು. ಒಂದೂ ನಿಲ್ಲಲಿಲ್ಲ. ವಿನ್ಯಾಸ ಉಳಿಯಿತು.

ದೂರು ವಾಪಸು ಪಡೆದು, ಬೆಕ್ಕಿನ ಹತ್ತಿರ ಹೋಗಿ ತಪ್ಪಾಯಿತು ಎಂದಳು. ಅವನು "ಇರಲಿ ಬಿಡಿ ಮೇಡಂ" ಎಂದು, ಮೇಜಿನ ಮೇಲಿದ್ದ ಫೋನನ್ನು ಬೋರಲು ಹಾಕಿದ.

ಸಂಜೆ ಚಿಕ್ಕಮ್ಮ ಮನೆಯ ಬೀಗವನ್ನು ಮೂರನೆಯ ಸಲ ಎಳೆಯುತ್ತ ನನ್ನನ್ನು ಕೇಳಿದಳು: "ಎಲ್ಲಾ ಸರಿ. ಆದ್ರೆ ಫೋನ್ ಯಾಕೆ ಬೋರಲು ಹಾಕ್ದ?"