ತಿದ್ದಿ ಬರೆಸಿದ ವರದಿ

ಪದ್ಮಾ, ನಿನಗೆ ಸುಳ್ಳು ಬರೆಯಲು ಕಲಿಸಿದವಳು ನಾನು. ಇದನ್ನು ಸುತ್ತಿ ಬಳಸಿ ಹೇಳಲಾರೆ.

ಸಿವಿಲ್ ಇಂಜಿನಿಯರಿಂಗ್ ಓದುವವರು ಲೆಕ್ಕ ಮಾಡುತ್ತಾರೆ, ಆದರೆ ಕಣ್ಣಾರೆ ಕಂಡದ್ದನ್ನು ನಾಲ್ಕು ಸಾಲು ಬರೆಯಲಾರರು ಎಂಬ ಕೊರಗು ನನ್ನದು. ಅದಕ್ಕೇ ನೀನು ನನ್ನ ಕ್ಲಾಸಿನಲ್ಲಿದ್ದ ವರ್ಷ ಹೊಸ ಅಸೈನ್‌ಮೆಂಟ್ ಕೊಟ್ಟೆ— ಲ್ಯಾಬಿನಲ್ಲಿ ನಡೆದದ್ದನ್ನು ನಡೆದಂತೆಯೇ ಬರೆಯಿರಿ, ಕನ್ನಡದಲ್ಲಾದರೂ ಸರಿ. ಮೂಡಲಗಿಯಿಂದ ಬಸ್ಸಿಗೆ ಬರುತ್ತಿದ್ದ ನೀನು ಹಿಂದಿನ ಬೆಂಚಿನಿಂದ ಎದ್ದು ಕೇಳಿದೆ: “ಖರೆ ಬರದ್ರ ನಡೀತೈತೇನ್ರಿ ಮೇಡಂ?”

“ಖರೇನ ಬರೀಬೇಕು” ಎಂದೆ. ಎಂಥ ದೊಡ್ಡ ಮಾತು!

ನೀನು ಬರೆದೆ: “ಕಾಂಕ್ರೀಟ್ ತುಂಡನ್ನು ಒತ್ತಿ ಒಡೆಯುವ ಯಂತ್ರದ ಮುಳ್ಳು ಅಲುಗಲಿಲ್ಲ. ಸೀನಿಯರ್‌ಗಳ ರೆಕಾರ್ಡ್ ನೋಡಿ ಎಲ್ಲರೂ ಅಂಕಿ ತುಂಬಿದೆವು. ಮೇಡಂ ಅದನ್ನು ಕಂಡೂ ಸಹಿ ಹಾಕಿದರು.” ಯಂತ್ರ ಕೆಟ್ಟದ್ದು ನನಗೆ ಗೊತ್ತಿತ್ತು. ರಿಪೇರಿ ಮಾಡಿಸಲು ಸೋಮಾರಿತನ— ಅಷ್ಟೇ. ತಪಾಸಣೆಗೆ ಬಂದವರು ಈ ಹಾಳೆ ನೋಡಿದರೆ ನನ್ನ ನೌಕರಿ—

ಎಲ್ಲರೆದುರು ನಿನ್ನನ್ನು ನಿಲ್ಲಿಸಿದೆ. “ಇದಕ್ಕ ವರದಿ ಅನ್ನಂಗಿಲ್ಲ, ಚಾಡಿ ಅಂತಾರ. ತಿದ್ದಿ ಬರಕೊಂಡ ಬಾ.” ಹುಡುಗರು ನಕ್ಕರು. ನೀನು ಅಳಲಿಲ್ಲ, ನನ್ನನ್ನೇ ನೋಡಿದೆ. ಮರುದಿನ ತಂದ ಹಾಳೆಯಲ್ಲಿ ಯಂತ್ರ ಚೆನ್ನಾಗಿ ನಡೆದಿತ್ತು, ಅಂಕಿಗಳು ಮುದ್ದಾಗಿದ್ದವು. ಪೂರ್ತಿ ಮಾರ್ಕ್ಸ್ ಕೊಟ್ಟೆ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಈಗ ಗೋಕಾಕದ ಕಡೆ ಶಾಲೆಯ ಕಟ್ಟಡವೊಂದು ಏಳುತ್ತಿದೆ. ಅದರ ಕಾಂಕ್ರೀಟ್ ವರದಿ ಪರಿಶೀಲನೆಗೆಂದು ನನ್ನ ಮೇಜಿಗೆ ಬಂತು. ಪರೀಕ್ಷೆ ಮಾಡಿದ ಇಂಜಿನಿಯರ್ ಎಂದು ಕೆಳಗೆ ನಿನ್ನ ಸಹಿ. ಎಲ್ಲ ತುಂಡುಗಳ ಅಂಕಿಯೂ ಒಂದೇ ಸಮ, ಒಂದೂ ಅತ್ತಿತ್ತ ಇಲ್ಲ. ನಿಜವಾದ ಕಾಂಕ್ರೀಟ್ ಇಷ್ಟು ಹೇಳಿದಂತೆ ಕೇಳುವುದಿಲ್ಲ. ಫೋನ್ ಮಾಡಿ, “ಪದ್ಮಾ, ಖರೇನ ಒಡದು ನೋಡೀಯೇನವಾ?” ಎಂದೆ. ನೀನು ತಿರುಗಿ ನನ್ನನ್ನೇ ಕೇಳಿದೆ:

“ನೀವು ಪೂರ್ತಿ ಮಾರ್ಕ್ಸ್ ಕೊಟ್ಟಿದ್ದು ಹಿಂಗ ಬರದದ್ದಕ್ಕ ಅಲ್ರೀ ಮೇಡಂ?”

ಆಗ ಫೋನ್ ಇಟ್ಟುಬಿಟ್ಟೆ. ಉತ್ತರ ಈಗ ಕೊಡುತ್ತಿದ್ದೇನೆ— ಹೌದು.

ವರದಿಗೆ ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಕಾಂಕ್ರೀಟನ್ನು ಮತ್ತೆ ಪರೀಕ್ಷಿಸಬೇಕೆಂದು ಬರೆದಿದ್ದೇನೆ. ಕಾರಣ ಹೇಳುವಲ್ಲಿ ಮೊದಲು ನನ್ನ ಹೆಸರು, ನನ್ನ ಲ್ಯಾಬು, ಆಮೇಲೆ ನಿನ್ನದು. ಇದರಿಂದ ನಿನಗೂ ಪೆಟ್ಟು ಬೀಳುತ್ತದೆ, ಗೊತ್ತು. ಆದರೆ ಆ ಸೂರಿನ ಕೆಳಗೆ ಮಕ್ಕಳು ಕುಳಿತು ಓದಬೇಕು, ಪದ್ಮಾ. ನೀನು ಮೊದಲು ಬರೆದ ಹಾಳೆಯೇ ಸರಿಯಾಗಿತ್ತು.