ಬೆಂಕಿಗಿಟ್ಟ ನೀರು

ನನ್ನ ಭಾವ ಊರಿಗೆ ನೀರು ಬಿಡುವ ಕೆಲಸದವರು. ಬೀದಿಯವರು ಅವರಿಗಿಟ್ಟ ಹೆಸರು ಜಿಪುಣಪ್ಪ. ಅವರು ಹಿಡಿದಿಟ್ಟುಕೊಂಡಿದ್ದು ಸ್ವಂತದ್ದೇನಲ್ಲ, ಗುಡ್ಡದ ಬುಡದಲ್ಲಿದ್ದ ಟ್ಯಾಂಕಿನ ನೀರು. ಗುಡ್ಡದ ಕಾಡಿಗೆ ಬೆಂಕಿ ಬಿದ್ದರೆ ಬೀದಿ ಉಳಿಯಲಿ ಅಂತ ತುಂಬಿಸಿಟ್ಟ ಮುಚ್ಚಿದ ಟ್ಯಾಂಕು. ಮಳೆ ಕೈಕೊಟ್ಟು ನಲ್ಲಿಗಳೆಲ್ಲ ಒಣಗಿದರೂ ಭಾವ ಅದನ್ನು ಮುಟ್ಟಗೊಡಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಮುಚ್ಚಳದ ಬೀಗ ಎಳೆದು ನೋಡಿ, ಸುತ್ತಲಿನ ಒಣಹುಲ್ಲು ಕೆತ್ತಿ ಬರುತ್ತಿದ್ದರು. ಬೀಗ ಭದ್ರವಾಗಿದ್ದ ಮೇಲೆ ಮುಚ್ಚಳ ತೆಗೆದು ಯಾರು ನೋಡುತ್ತಾರೆ?

ನಾನು ಅವರ ಮನೆಯಲ್ಲೇ ಇದ್ದೆ. ನನ್ನಕ್ಕನಿಗೋ ‘ಇಲ್ಲ’ ಅನ್ನುವ ಮಾತು ಬಾಯಿಗೇ ಬರದು. ಊಟಕ್ಕೆ ಕೂತರೆ ಸಾಕು, ಗಂಡ ಹೆಂಡತಿಗೆ ಇದೇ ಜಟಾಪಟಿ.

“ಕೊನೇ ಮನೆ ಟೇಲರ್ ತಾತ ಹಾಸಿಗೆ ಹಿಡಿದಿದ್ದಾರೆ. ಒಂದು ಕೊಡ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?”

“ಅದು ನಂದಲ್ಲ ಕಣೇ, ಬೆಂಕಿಗಿಟ್ಟಿದ್ದು.”

“ಬೆಂಕಿ ಬಂದಾಗ ನೋಡ್ಕೊಳ್ಳೋಣ. ಬಾಯಾರಿಕೆ ಆಗಲೇ ಬಂದು ಕೂತಿದೆ. ಬರ ನಿಮ್ಮ ಲೆಕ್ಕದಲ್ಲಿ ವಿಪತ್ತೇ ಅಲ್ವಾ?”

“ಅದಕ್ಕೆ ಟ್ಯಾಂಕರ್ ಬರುತ್ತೆ.”

“ಬರುತ್ತೆ, ಬರುತ್ತೆ! ಕಾದು ಕಾದು ಸಾಕಾಯ್ತು.”

“ಭಾವಾ, ಅಕ್ಕ ಅಳಬಹುದಾ, ಕಣ್ಣೀರಿಗೂ ನಿಮ್ಮ ಅಪ್ಪಣೆ ಬೇಕಾ?” ಅಂತ ನಾನು ರೇಗಿಸುತ್ತಿದ್ದೆ. ಭಾವ ನಗುತ್ತಿದ್ದರು, ಆದರೆ ಜಗ್ಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗುಡ್ಡ ಹೊತ್ತಿಕೊಂಡಿತು. ಗಾಳಿ ಬೀದಿಯ ಕಡೆಗೇ ಬೀಸುತ್ತಿತ್ತು. ಅಗ್ನಿಶಾಮಕದವರ ಗಾಡಿಯಲ್ಲಿದ್ದ ನೀರು ನೋಡನೋಡುತ್ತಲೇ ಮುಗಿದು, ಅವರು ನಮ್ಮ ಟ್ಯಾಂಕಿಗೆ ಪೈಪು ಸಿಕ್ಕಿಸಿದರು. “ತುಂಬಿ ತುಳುಕ್ತಿದೆ, ಹೊಡೀರಿ ಸಾರ್!” ಅಂತ ಭಾವ ಕೂಗಿದರು. ಪೈಪು ಕೆಮ್ಮಿತು. ಒಂದಿಷ್ಟು ಕೆಸರು ಉಗುಳಿ ಸುಮ್ಮನಾಯಿತು. ಅಯ್ಯೋ ದೇವರೇ! ಭಾವ ಬೀಗ ತೆಗೆದು ಮುಚ್ಚಳ ಎತ್ತಿ ಬಗ್ಗಿ ನೋಡಿದರು. ತಳ ಕಾಣುತ್ತಿತ್ತು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ಬೆಂಕಿ ಮೊದಲು ತಲುಪಿದ್ದು ಟೇಲರ್ ತಾತನ ಮನೆಗೆ. ಅಗ್ನಿಶಾಮಕದವರು ಒಳಗೆ ನುಗ್ಗಿ ತಾತನ ಹೆಂಡತಿ ಅಜ್ಜಿಯನ್ನು ಎಳೆದು ತಂದರು. ತಾತನನ್ನು ತರಲು ತಿರುಗುವಷ್ಟರಲ್ಲಿ ಚಾವಣಿ ಕುಸಿಯಿತು. ನಾನು ಕಣ್ಣಾರೆ ನೋಡಿದೆ. ನೋಡಬಾರದಿತ್ತು.

ಆಮೇಲೆ ವಿಚಾರಣೆಗೆ ಅಧಿಕಾರಿ ಬಂದು ಬೀದಿಯವರನ್ನೆಲ್ಲ ಸೇರಿಸಿದರು. ಪ್ರಕೃತಿ ವಿಕೋಪವಾದರೆ ಮನೆ ಕಳೆದುಕೊಂಡವರಿಗೆ ಪರಿಹಾರ. ಯಾರದೋ ತಪ್ಪು ಅಂತಾದರೆ ಕೋರ್ಟು ಕಚೇರಿ ಅಲೆದಾಟ, ಭಾವನಿಗೆ ಜೈಲು.

“ನೀರೆಲ್ಲಿ ಹೋಯ್ತು?”

“ಗೊತ್ತಿಲ್ಲ ಸಾರ್. ಬೀಗ ಹಾಕಿದ ಹಾಗೇ ಇತ್ತು,” ಅಂದರು ಭಾವ.

ಆಗ ಅಕ್ಕ ಮುಂದೆ ಬಂದಳು. “ನಾನು ಸಾರ್. ಹಿಂದ್ಗಡೆ ಟ್ಯಾಂಕು ತೊಳೆಯೋಕೆ ಅಂತ ಒಂದು ನಲ್ಲಿ ಇದೆ. ಇವರು ಕೆಲಸಕ್ಕೆ ಹೋದ್ಮೇಲೆ ಕೊಡ ತುಂಬ್ಸಿ ಮನೆಮನೆಗೂ ಕೊಟ್ಟೆ.”

ಒಂದೇ ಸೂರಿನಡಿ ಇದ್ದೂ ನನಗೆ ಸುಳಿವಿರಲಿಲ್ಲ! ಆ ನೀರು ಕುಡಿದವರೆಲ್ಲ ಅಲ್ಲೇ ನಿಂತಿದ್ದರು. ಬೇಕರಿಯವನು ಆಕಾಶ ನೋಡಿದ. “ನಮ್ಮನೆಗ್ಯಾವ ನೀರೂ ಬಂದಿಲ್ಲಪ್ಪ,” ಅಂದಳು ಅವನ ಹೆಂಡತಿ. ಎಂಥ ನಾಲಿಗೆ ಅದು!

ಟೇಲರ್ ಅಜ್ಜಿ ಸರಸರ ಬಂದು ಅಕ್ಕನ ಕೈ ಹಿಡಿದರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದಿದ್ದರೂ ನಾನು ತಡೆಯುತ್ತಿರಲಿಲ್ಲ.

“ಬಾಯಿ ಮುಚ್ಚೇ ಹುಚ್ಚಿ. ಸಾರ್, ಇವಳು ಸಂಕಟಕ್ಕೆ ಏನೋ ಬಡಬಡಿಸ್ತಿದಾಳೆ. ಪ್ರಕೃತಿ ವಿಕೋಪ ಅಂತಲೇ ಬರ್ಕೊಳ್ಳಿ. ಹೋದವರು ಹೋದ್ರು, ನನಗೆ ತಲೆ ಮೇಲೊಂದು ಸೂರು ಬೇಕು.”

ಗಂಡ ಬೆಂದುಹೋದ ಹೆಂಗಸಿನ ಮಾತು ಇದು! ಅಧಿಕಾರಿ ಭಾವನ ಕಡೆ ತಿರುಗಿದರು.

“ನೀವು ಹೇಳಿ. ಬರಕ್ಕೆ ಬತ್ತಿದ್ದೋ, ಯಾರಾದ್ರೂ ಖಾಲಿ ಮಾಡಿದ್ದೋ?”

ಇಡೀ ಬೀದಿ ಭಾವನ ಬಾಯಿ ನೋಡುತ್ತಿತ್ತು. ಅವರು ಅಕ್ಕನನ್ನು ನೋಡಿದರು, ಸುಟ್ಟು ನಿಂತ ಗೋಡೆಗಳನ್ನು ನೋಡಿದರು.

“ಬರ ಸಾರ್. ಬತ್ತಿ ಹೋಯ್ತು.”

ಮುಚ್ಚಿದ ಟ್ಯಾಂಕು ಹಾಗೆ ಬತ್ತುತ್ತದೆಯೇ? ಅಧಿಕಾರಿ ಮತ್ತೇನೂ ಕೇಳದೆ ಬರೆದುಕೊಂಡು ಹೊರಟರು. ಭಾವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪರಿಹಾರ ಬಂತು, ಅಜ್ಜಿಗೆ ಮನೆಯೂ ಆಯಿತು, ಭಾವನ ಕೆಲಸವೂ ಉಳಿಯಿತು. ಭಾವ ಅಕ್ಕನಿಗೆ ಒಂದು ಮಾತೂ ಬೈಯಲಿಲ್ಲ. ಊಟಕ್ಕೆ ಕೂತಾಗ ಅವಳು ನೀರು ತಂದಿಟ್ಟರೆ ಮಾತ್ರ ಎದ್ದು ಹೋಗಿ ಬೇರೆ ಲೋಟದಲ್ಲಿ ತಾವೇ ಬಗ್ಗಿಸಿಕೊಂಡು ಕುಡಿಯುತ್ತಾರೆ.