ಉಡಿದಾರ ಕಟ್ಟಿದ ಬೋಲ್ಟು

ಪಿಳ್ಳಪ್ಪ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು. ಹಾಡಹಗಲಲ್ಲಿ, ಹನ್ನೆರಡು ಜನರ ಎದುರಿಗೆ, ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ — ಅವನು ಅದನ್ನು ನಂಬಿಬಿಟ್ಟ. ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಬರೆಯುತ್ತಿದ್ದೇನೆ.

ಯಶವಂತಪುರದ ರೈಲು ನಿಲ್ದಾಣದ ಹಿಂದೆ ಆಗ ಒಂದು ತಗಡಿನ ಶೆಡ್ಡಿತ್ತು. ಬುದ್ಧಿ ಬೆಳೆಯದವರು ಎಂದು ಊರು ಕರೆಯುತ್ತಿದ್ದ ದೊಡ್ಡ ವಯಸ್ಸಿನವರನ್ನು ಹಗಲು ಹೊತ್ತು ಕೂರಿಸಿ ಕೈಕೆಲಸ ಕೊಡಲೆಂದು ನಾಲ್ಕಾರು ಜನ ಸಜ್ಜನರು ಸೇರಿ ಅದನ್ನು ನಡೆಸುತ್ತಿದ್ದರು. ನಾನು ಅಲ್ಲಿಯ ಮೇಷ್ಟ್ರು. ಪ್ರೈಮರಿ ಶಾಲೆಯ ಮಕ್ಕಳ ಗಲಾಟೆ ತಡೆಯಲಾರದೆ ಓಡಿಬಂದವನು. ಕಾರ್ಖಾನೆಯೊಂದರಿಂದ ಬೋಲ್ಟು, ವಾಷರು, ನಟ್ಟುಗಳು ಮೂಟೆಯಲ್ಲಿ ಬರುತ್ತಿದ್ದವು. ಬೋಲ್ಟಿಗೆ ವಾಷರು ತೂರಿಸಿ, ನಟ್ಟು ತಿರುಗಿಸಿ, ಡಬ್ಬಕ್ಕೆ ಹಾಕುವುದು. ಕೆಲಸ ಇಷ್ಟೇ.

ಪಿಳ್ಳಪ್ಪ ಮತ್ತಿಕೆರೆಯಲ್ಲಿ ಸೊಪ್ಪು ಮಾರುತ್ತಿದ್ದ ಮುನಿಯಮ್ಮನ ಮಗ. ಮೂವತ್ತರ ಆಸುಪಾಸು. ಮಾತು ತೊದಲು, ಕೈ ಮಾತ್ರ ಎಲ್ಲರಿಗಿಂತ ಚುರುಕು. ಇವೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಒಮ್ಮೆ ಕೇಳಿದ್ದಕ್ಕೆ, ಬಸ್ಸಿಗೆ ಎಂದಿದ್ದೆ. ಆಗ ಅದು ನಿಜವೇ ಆಗಿತ್ತು. ಅವತ್ತಿನಿಂದ ಅವನು ತುಮಕೂರು ರಸ್ತೆಯಲ್ಲಿ ಬಸ್ಸು ನಿಂತರೆ ಸಾಕು, ಬಗ್ಗಿ ಅದರ ಅಡಿ ನೋಡುತ್ತಿದ್ದನಂತೆ. ಮಗನನ್ನು ಕರೆದೊಯ್ಯಲು ಬಂದಾಗ ಮುನಿಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ‘ದಂಡಪಿಂಡ ಅಂತಿದ್ದೋರೆಲ್ಲ ಈಗ ಏನ್ಲಾ ಪಿಳ್ಳ, ಬಸ್ ರೆಡಿ ಆಯ್ತಾ ಅಂತವ್ರೆ ಸ್ವಾಮಿ’ ಎನ್ನುತ್ತಿದ್ದಳು. ಅವಳ ಆ ನಗು ನನಗೆ ಇವತ್ತಿಗೂ ಕಾಣುತ್ತದೆ.

ಆಮೇಲೆ ಮೂಟೆ ಬರುವುದು ನಿಂತಿತು. ನನ್ನ ಬಳಿ ಒಂದೇ ಒಂದು ಮೂಟೆ ಉಳಿದಿತ್ತು. ನಾನು ಯಾರಿಗೂ ಹೇಳಲಿಲ್ಲ. ಸಂಜೆ ಅವರೆಲ್ಲ ಮನೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಅಷ್ಟೂ ನಟ್ಟುಗಳನ್ನು ಬಿಚ್ಚಿ, ಮತ್ತೆ ಗುಡ್ಡೆ ಹಾಕಿಡುತ್ತಿದ್ದೆ. ಬೆಳಗ್ಗೆ ಅವರು ಬಂದು ಅವನ್ನೇ ಜೋಡಿಸುತ್ತಿದ್ದರು. ಶೆಡ್ಡು ಮುಚ್ಚಿದರೆ ಇವರ ಗತಿಯೇನು ಎಂದು ನನಗೆ ನಾನೇ ಹೇಳಿಕೊಂಡೆ — ಅದೂ ಸುಳ್ಳೇ. ಶೆಡ್ಡು ಮುಚ್ಚಿದರೆ ನನ್ನ ಗತಿಯೇನು, ಮತ್ತೆ ಆ ಮಕ್ಕಳ ನಡುವೆ... ಅಷ್ಟೇ ಇದ್ದದ್ದು. ಎಂಟು ತಿಂಗಳು ಹೀಗೆ ನಡೆಸಿದೆ.

ಒಂದು ಬೆಳಗ್ಗೆ ಪಿಳ್ಳಪ್ಪ ಗುಡ್ಡೆಯಿಂದ ಒಂದು ಬೋಲ್ಟು ಎತ್ತಿಕೊಂಡು ಎದ್ದು ನಿಂತ. ಬೋಲ್ಟಿನ ತಲೆಯ ಕೆಳಗೆ ಒಂದು ಕೆಂಪು ದಾರದ ಗಂಟು. ತನ್ನ ಉಡಿದಾರ ಬಿಚ್ಚಿ ಅದರಿಂದಲೇ ಒಂದು ತುಂಡು ಹಲ್ಲಿನಲ್ಲಿ ಕಡಿದು ಹಿಂದಿನ ದಿನ ಕಟ್ಟಿದ್ದ. ಯಾವತ್ತಾದರೂ ಯಾವುದಾದರೂ ಬಸ್ಸಿನ ಅಡಿಯಲ್ಲಿ ಅದು ಕಂಡರೆ ಅಮ್ಮನಿಗೆ ತೋರಿಸಬೇಕಂತೆ. ಬಿಚ್ಚುವಾಗ ನಾನು ಗಮನಿಸಿರಲಿಲ್ಲ. ಬೇಗ ಮುಗಿಸಿ ಕಾಫಿಗೆ ಹೋಗುವ ಅವಸರ ನನಗೆ.

‘ಮೇಷ್ಟ್ರೇ, ಇದು ನಂದು. ನಿನ್ನೆ ಡಬ್ಬಕ್ಕೆ ಆಕಿದ್ದೆ.’

ಹನ್ನೆರಡು ಜೋಡಿ ಕೈಗಳು ನಿಂತವು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಈ ಮನುಷ್ಯ — ಬುದ್ಧಿಯಿಲ್ಲ ಎಂದು ನಾನು ಲೆಕ್ಕಕ್ಕೇ ಇಡದಿದ್ದವನು — ನನ್ನನ್ನು ಹಿಡಿದಿದ್ದ. ಹಿಡಿದಿದ್ದೇನೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಸುಮ್ಮನೆ, ಇದು ಹೇಗಾಯಿತು ಎಂದು ಮೇಷ್ಟ್ರನ್ನು ಕೇಳುತ್ತಿದ್ದ.

ನಾನು ಹೇಳಿದೆ: ‘ನೀನು ಹಾಕೇ ಇಲ್ಲ ಕಣೋ. ಹಾಕಿದೀನಿ ಅಂದ್ಕೊಂಡಿದೀಯ. ನಿನ್ನ ತಲೆ ಸರಿಯಿಲ್ಲ.’

ಅವನು ಬೋಲ್ಟನ್ನು ನೋಡಿದ, ತನ್ನ ಕೈಯನ್ನು ನೋಡಿಕೊಂಡ, ಕೂತುಬಿಟ್ಟ. ನಾನು ಬೋಲ್ಟನ್ನು ಕಿತ್ತುಕೊಂಡು ಜೇಬಿಗಿಳಿಸಿದೆ. ಸಂಜೆ ಮುನಿಯಮ್ಮನಿಗೂ ಇದೇ ಕಥೆ ಹೇಳಿದೆ. ಅವಳು ನನ್ನಲ್ಲಿ — ನನ್ನಲ್ಲಿ! — ಕ್ಷಮೆ ಕೇಳಿದಳು. ‘ತಪ್ಪು ತಿಳ್ಕಬ್ಯಾಡಿ ಸ್ವಾಮಿ, ಅವುನ್ಗೆ ತಿಳಿಯಾಕಿಲ್ಲ’ ಎಂದಳು. ಅವಳು ನಗಲಿಲ್ಲ.

ಮರುದಿನದಿಂದ ಪಿಳ್ಳಪ್ಪನ ಕೈ ಡಬ್ಬದ ಮೇಲೆ ನಿಲ್ಲತೊಡಗಿತು. ಬೋಲ್ಟು ಹಾಕುವನು, ಇಣುಕಿ ನೋಡುವನು, ಮತ್ತೆ ತೆಗೆಯುವನು. ‘ಆಕಿದ್ನಾ ಮೇಷ್ಟ್ರೇ?’ ಎಂದು ಕೇಳುವನು. ಹೂಂ ಎಂದರೂ ನಂಬಿಕೆಯಿಲ್ಲ. ದಿನಕ್ಕೆ ಮೂರು ಡಬ್ಬ ತುಂಬಿಸುತ್ತಿದ್ದವನಿಗೆ ಒಂದು ಡಬ್ಬ ತುಂಬುವುದೇ ಕಷ್ಟವಾಯಿತು.

ಇಷ್ಟಕ್ಕೇ ನಿಂತಿದ್ದರೆ... ಇಲ್ಲ, ನಿಲ್ಲಲಿಲ್ಲ. ಯಶವಂತಪುರದಲ್ಲೇ ಸಣ್ಣ ವರ್ಕ್‌ಶಾಪು ಇಟ್ಟಿದ್ದ ಒಬ್ಬರು ನಮ್ಮಲ್ಲಿ ಒಬ್ಬನಿಗೆ ನಿಜವಾದ ಕೆಲಸ ಕೊಡುವುದಾಗಿ ಮೊದಲೇ ಮಾತು ಕೊಟ್ಟಿದ್ದರು. ಪಿಳ್ಳಪ್ಪನ ಕೈ ನೋಡಿಯೇ ಕೊಟ್ಟ ಮಾತು ಅದು. ಅವರು ಬಂದ ದಿನ ಮುನಿಯಮ್ಮ ಮಗನಿಗೆ ಎಣ್ಣೆ ಹಚ್ಚಿ, ತಲೆ ಬಾಚಿ, ಒಗೆದ ಅಂಗಿ ಹಾಕಿ ಕರೆತಂದಿದ್ದಳು. ಅವರು ಬೆಂಚಿನ ಪಕ್ಕ ನಿಂತರು. ಪಿಳ್ಳಪ್ಪ ಒಂದು ಬೋಲ್ಟು ಜೋಡಿಸಿದ. ಡಬ್ಬಕ್ಕೆ ಹಾಕಿದ. ತೆಗೆದ. ಹಾಕಿದ. ಅವರ ಮುಖ ನೋಡಿ ‘ಆಕಿದ್ನಾ?’ ಎಂದು ಕೇಳಿದ.

‘ಇವನಿಗೇನಾಯ್ತು ಮೇಷ್ಟ್ರೇ? ಮೊದಲು ಹೀಗಿರಲಿಲ್ಲವಲ್ಲ?’

ಒಂದು ಮಾತು ಸಾಕಾಗಿತ್ತು. ಬೋಲ್ಟು ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು, ದಾರದ ಸಮೇತ. ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು — ‘ಇವರೆಲ್ಲ ಹೀಗೇ ಸಾರ್, ನಿಭಾಯಿಸೋದು ಕಷ್ಟ.’ ಅವರು ಇನ್ನೊಬ್ಬನನ್ನು ಕರೆದುಕೊಂಡು ಹೋದರು. ಮುನಿಯಮ್ಮ ಬಾಗಿಲ ಬಳಿ ಮಗನ ಅಂಗಿಯ ಗುಂಡಿ ಸರಿ ಮಾಡುತ್ತಾ ನಿಂತಿದ್ದಳು. ನಾನು ಆ ಕಡೆ ನೋಡಲಿಲ್ಲ. ವರ್ಷ ತುಂಬುವುದರೊಳಗೆ ಶೆಡ್ಡೂ ಮುಚ್ಚಿತು, ನಾನು ಶಾಲೆಗೇ ವಾಪಸಾದೆ. ಯಾವುದಕ್ಕೆ ಹೆದರಿ ಇದನ್ನೆಲ್ಲ ಮಾಡಿದೆನೋ, ಕೊನೆಗೆ ಅದೇ ಆಯಿತು.

ಹೋದ ತಿಂಗಳು ಹೆಬ್ಬಾಳದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಿಳ್ಳಪ್ಪನ ತಂಗಿ ಗುರುತು ಹಿಡಿದು ಮಾತಾಡಿಸಿದಳು. ಮುನಿಯಮ್ಮ ತೀರಿಕೊಂಡಿದ್ದಳು. ಅಣ್ಣ ಈಗ ಅಮೃತಹಳ್ಳಿಯಲ್ಲಿ ತನ್ನ ಜೊತೆ ಇದ್ದಾನೆ ಎಂದಳು. ಚೆನ್ನಾಗಿದ್ದಾನಾ ಎಂದೆ. ‘ಚೆನ್ನಾಗವ್ನೆ. ಒಂದೇ ಕಷ್ಟ ಮೇಷ್ಟ್ರೇ. ಉಂಡು ಕೈ ತೊಳ್ಕಂಡ್ ಬಂದು, ಉಂಡ್ನಾ ಅಂತ ಕೇಳ್ತಾನೆ. ನೀರು ಉಯ್ಕಂಡು ಬಂದು, ಉಯ್ಕಂಡ್ನಾ ಅಂತಾನೆ. ನಾನು ಊಂ ಅನ್ನೋ ಗಂಟ ನಿಂತೇ ಇರ್ತಾನೆ.’

ನಾನು ಅಲ್ಲೇ ಮೈಲಿಗಲ್ಲಿನ ಮೇಲೆ ಕೂತುಬಿಟ್ಟೆ. ಹನ್ನೊಂದು ವರ್ಷ! ನಾನು ಒಂದು ಬೋಲ್ಟಿನ ಬಗ್ಗೆ ಸುಳ್ಳು ಹೇಳಿದ್ದೆ ಎಂದುಕೊಂಡಿದ್ದೆ. ಅವನು ಉಂಡ ಅನ್ನವನ್ನೂ ಅವನಿಂದ ಕಿತ್ತುಕೊಂಡಿದ್ದೆ. ನನ್ನ ಬಸ್ಸು ಬಂದು ಹೋಯಿತು.

ಆ ಭಾನುವಾರ, ಇಷ್ಟು ವರ್ಷ ನನ್ನ ಬಳಿಯೇ ಇದ್ದ ಆ ಬೋಲ್ಟು ತೆಗೆದುಕೊಂಡು ಅಮೃತಹಳ್ಳಿಗೆ ಹೋದೆ. ಜಗಲಿಯ ಮೇಲೆ ಅವನ ಪಕ್ಕ ಕೂತು, ತಂಗಿಯ ಎದುರಿಗೇ ಎಲ್ಲ ಹೇಳಿದೆ. ದಿನಾ ಸಂಜೆ ಬಿಚ್ಚುತ್ತಿದ್ದದ್ದು, ಹೆದರಿದ್ದು, ಎಲ್ಲ. ‘ಪಿಳ್ಳಪ್ಪ, ನೀನು ಹಾಕಿದ್ದೆ. ಸುಳ್ಳು ಹೇಳಿದ್ದು ನಾನು’ ಎಂದೆ. ತಂಗಿ ಎದ್ದು ಒಳಗೆ ಹೋದಳು. ಪಿಳ್ಳಪ್ಪ ಬೋಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ದಾರದ ಬಣ್ಣ ಹೋಗಿತ್ತು. ಅವನು ನನ್ನ ಬೆನ್ನು ಸವರಿದ, ಹುಷಾರಿಲ್ಲದವರನ್ನು ಸವರುವ ಹಾಗೆ.

‘ನಾನು ಆಕಿಲ್ಲ ಮೇಷ್ಟ್ರೇ. ಆಕಿದೀನಿ ಅಂದ್ಕಂಡಿದ್ದೆ’ ಎಂದ. ಆಮೇಲೆ ಒಳಗಿದ್ದ ತಂಗಿಗೆ ಕೇಳಿಸದ ಹಾಗೆ ತೀರ ಮೆತ್ತಗೆ ಕೇಳಿದ: ‘ನಿಮ್ಗೂ ತಲೆ ಸರಿಯಿಲ್ವಾ?’

ಅದಾದ ಮೇಲೆ ಪ್ರತಿ ಭಾನುವಾರ ಹೋಗುತ್ತಿದ್ದೇನೆ. ತಂಗಿ ನನ್ನನ್ನು ಮಾತಾಡಿಸುವುದಿಲ್ಲ, ಅದು ಸರಿಯೇ. ನಾನು ಪ್ರತಿ ಸಲವೂ ಹೇಳುತ್ತೇನೆ — ಹಾಕಿದ್ದೆ, ಪಿಳ್ಳಪ್ಪ, ನೀನು ಹಾಕಿದ್ದೆ. ಅವನು ಇನ್ನೂ ನಂಬಿಲ್ಲ.